ಓದುಗರ ಪ್ರಶ್ನೆ: ಹಡಗಿನ ತಳಕ್ಕೆ ಅಂಟಿದ ಜೀವಿಗಳು ಸಾಗರ ದಾಟುವುದು ಹೇಗೆ?

ಹಡಗಿನ ತಳದಲ್ಲಿ ಬೆಳೆಯುವ ಬಾರ್ನಕಲ್ (ಚಿಪ್ಪು ಕಟ್ಟಿಕೊಂಡು ಒಂದೇ ಕಡೆ ಅಂಟಿ ಕೂರುವ ಸಣ್ಣ ಪ್ರಾಣಿ), ಮಸ್ಸೆಲ್ (ಎರಡು ಚಿಪ್ಪಿನ ಮೃದ್ವಂಗಿ), ಪಾಚಿಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಲ್ಲಿ ಎಂಟನ್ನು ಆಯ್ದು ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಹಡಗು ಗಂಟೆಗೆ 35–40 ಕಿ.ಮೀ. ವೇಗದಲ್ಲಿ ಓಡುವಾಗಲೂ ಬಾರ್ನಕಲ್‌ಗಳು ಯಾಕೆ ಕಿತ್ತುಹೋಗುವುದಿಲ್ಲ? ಹಡಗಿನ ಮೈಗೆ ತಾಗಿದ ನೀರು ಅದರ ಜೊತೆಗೇ ಸಾಗುತ್ತದೆ, ಆ ಮರೆಯಲ್ಲಿ ಅವು ಬದುಕುತ್ತವೆ ಎಂದು ಓದಿದ್ದೆ. ಅದು ಸರಿಯೇ? (ಪಿಯುಸಿ ವಿದ್ಯಾರ್ಥಿನಿ)

ಅರ್ಧ ಸರಿ. 200 ಮೀಟರ್ ಉದ್ದದ ಹಡಗು 20 ನಾಟ್ ವೇಗದಲ್ಲಿ, ಅಂದರೆ ಸೆಕೆಂಡಿಗೆ ಸುಮಾರು 10 ಮೀಟರ್ ಸಾಗುತ್ತಿದೆ ಎಂದುಕೊಳ್ಳಿ. ಅದರ ಹಿಂಬದಿಯ ಹತ್ತಿರ, ಹಡಗಿನ ಎಳೆತಕ್ಕೆ ಸಿಕ್ಕ ನೀರಿನ ಪದರ ಒಂದು ಮೀಟರಿಗೂ ಹೆಚ್ಚು ದಪ್ಪ ಇರುತ್ತದೆ. ಇದನ್ನು ಸೀಮಾಪದರ ಅನ್ನುತ್ತಾರೆ. ಕೇಳಲು ದೊಡ್ಡ ಆಶ್ರಯ ಅನ್ನಿಸುತ್ತದೆ. ಆದರೆ ನೀರು ನಿಜಕ್ಕೂ ಶಾಂತವಾಗಿರುವ ಒಳಪದರ ಒಂದು ಮಿಲಿಮೀಟರಿನ ಐವತ್ತನೇ ಒಂದು ಭಾಗದಷ್ಟೂ ಇರುವುದಿಲ್ಲ. ಬ್ಯಾಕ್ಟೀರಿಯಾಗಳಿಗೆ, ಡಯಾಟಮ್ ಎಂಬ ಸಣ್ಣ ಏಕಕೋಶ ಪಾಚಿಗಳಿಗೆ ಅಷ್ಟು ಸಾಕು. ಇವು ಕಟ್ಟುವ ಲೋಳೆಪದರ ಎಂಥ ವೇಗದ ಹಡಗಿನಲ್ಲೂ ಉಳಿಯುವುದಕ್ಕೆ ಇದೂ ಒಂದು ಕಾರಣ. 5 ಮಿಲಿಮೀಟರ್ ಎತ್ತರದ ಬಾರ್ನಕಲ್‌ನ ತುದಿ ಮಾತ್ರ ಆ ಪದರದಾಚೆ ಎಷ್ಟೋ ಮೇಲಿರುತ್ತದೆ. ನುಣುಪಾದ ತಳದಲ್ಲಿ ಆ ಎತ್ತರಕ್ಕೆ ಬರುವ ಹೊತ್ತಿಗೆ ಹರಿವಿನ ವೇಗ ಸೆಕೆಂಡಿಗೆ ಸುಮಾರು 6 ಮೀಟರ್.

ಹಾಗಾದರೆ ಅದನ್ನು ಉಳಿಸುವುದು ಏನು? ಅಂಟು. ಒಂದು ಲೆಕ್ಕ ಹಾಕೋಣ. ತಳ 10 ಮಿಲಿಮೀಟರ್ ಅಗಲ, ಎತ್ತರ 5 ಮಿಲಿಮೀಟರ್ ಇರುವ ಬಾರ್ನಕಲ್‌ನ ಮೇಲೆ ಈ ಹರಿವು ಹಾಕುವ ಎಳೆತ ಸುಮಾರು ಅರ್ಧ ನ್ಯೂಟನ್. 50 ಗ್ರಾಂ ತೂಕದಷ್ಟು. ಗಟ್ಟಿ ಎಪಾಕ್ಸಿ ಬಣ್ಣದ ಮೇಲೆ ಅದರ ಅಂಟಿನ ಬಲ ಚದರ ಮಿಲಿಮೀಟರಿಗೆ ಸುಮಾರು ಒಂದು ನ್ಯೂಟನ್. ತಳದ ವಿಸ್ತೀರ್ಣ 78 ಚದರ ಮಿಲಿಮೀಟರ್. ಅಂದರೆ ಅದನ್ನು ಪಕ್ಕದಿಂದ ತಳ್ಳಿ ಕೀಳಲು 8 ಕಿಲೋ ತೂಕದಷ್ಟು ಬಲ ಬೇಕು. ಹರಿವಿನ ಎಳೆತಕ್ಕಿಂತ ಅದು ನೂರೈವತ್ತು ಪಟ್ಟು ಹೆಚ್ಚು. ನೀರಿನ ಒತ್ತಡದ ಏರಿಳಿತ, ಮೇಲ್ಮುಖ ಸೆಳೆತ ಎಲ್ಲ ಸೇರಿಸಿದರೂ ಅಂಟೇ ಗೆಲ್ಲುತ್ತದೆ. ಶಂಕುವಿನಂಥ ಗಿಡ್ಡ ಆಕಾರವೂ ಅದಕ್ಕೆ ಅನುಕೂಲ. ಅಗಲ ಹೆಚ್ಚು, ಎತ್ತರ ಕಡಿಮೆ.

ಇಲ್ಲಿ ಮುಖ್ಯವಾದದ್ದು ಒಂದಿದೆ. ಈ ಅಂಟು ಹಾಕಲು ಪ್ರಾಣಿಗೆ ನಿಂತ ನೀರು ಬೇಕು. ಬಾರ್ನಕಲ್‌ನ ಮರಿ ಆರು ಈಜು ಹಂತಗಳನ್ನು ದಾಟಿ ಸಿಪ್ರಿಡ್ ಎಂಬ ಕೊನೆಯ ಹಂತಕ್ಕೆ ಬರುತ್ತದೆ. ಅರ್ಧ ಮಿಲಿಮೀಟರ್ ಉದ್ದದ ಈ ಮರಿ ಏನೂ ತಿನ್ನುವುದಿಲ್ಲ. ಒಳಗೆ ಕೂಡಿಟ್ಟ ಕೊಬ್ಬಿನ ಮೇಲೆಯೇ ಬದುಕಿ ಜಾಗ ಹುಡುಕುತ್ತದೆ. ಎರಡು ಮೀಸೆಗಳ ತುದಿಯ ತಟ್ಟೆಗಳಲ್ಲಿ ತಾತ್ಕಾಲಿಕ ಅಂಟು ಇದೆ. ಅವನ್ನೇ ಕಾಲಿನಂತೆ ಒಂದೊಂದಾಗಿ ಇಡುತ್ತ ನಡೆಯುತ್ತದೆ. ಒಪ್ಪಿಗೆಯಾಗದಿದ್ದರೆ ಬಿಟ್ಟು ಈಜಿಹೋಗುತ್ತದೆ. ಒಪ್ಪಿಗೆಯಾದರೆ ಶಾಶ್ವತ ಅಂಟು ಸುರಿಸಿ ತಲೆಕೆಳಗಾಗಿ ಕೂತು, ಒಂದು ದಿನದ ಆಸುಪಾಸಿನಲ್ಲಿ ಎಳೆಯ ಬಾರ್ನಕಲ್ ಆಗುತ್ತದೆ. ನೀರು ಒಂದೆರಡು ನಾಟ್‌ಗಿಂತ ಜೋರಾಗಿ ಹರಿಯುತ್ತಿದ್ದರೆ ಈ ಕೆಲಸ ಬಹಳ ಕಷ್ಟ. ಹಾಗಾಗಿ ಹಡಗಿನ ಓಟಕ್ಕಿಂತ ಅದು ಬಂದರಿನಲ್ಲಿ ನಿಂತಿದ್ದ ದಿನಗಳೇ ತಳದಲ್ಲಿ ಏನು ಬೆಳೆಯಬೇಕೆಂದು ನಿರ್ಧರಿಸುತ್ತವೆ. ಕೆಳಗಿನ ಉತ್ತರಗಳಲ್ಲೂ ಈ ಮಾತು ಮತ್ತೆ ಮತ್ತೆ ಬರುತ್ತದೆ.

ಪ್ರಶ್ನೆ: ನಡುಸಮುದ್ರದಲ್ಲಿ ಅವು ಏನು ತಿನ್ನುತ್ತವೆ? ಚಳಿ ನೀರಿನಿಂದ ಬಿಸಿ ನೀರಿಗೆ, ಉಪ್ಪು ನೀರಿನಿಂದ ಸಿಹಿ ನೀರಿಗೆ ಹೋದಾಗ ಸಾಯುವುದಿಲ್ಲವೇ?

ಹೆಚ್ಚಿನವು ಪ್ರಯಾಣದುದ್ದಕ್ಕೂ ಉಪವಾಸವೇ ಇರುತ್ತವೆ ಅಥವಾ ಅರೆಹೊಟ್ಟೆಯಲ್ಲಿರುತ್ತವೆ. ಬಾರ್ನಕಲ್ ತನ್ನ ಗರಿಯಂಥ ಕಾಲುಗಳನ್ನು ಹೊರಚಾಚಿ ನೀರಿನಲ್ಲಿ ತೇಲುವ ಕಣಗಳನ್ನು ಸೋಸಿ ತಿನ್ನುತ್ತದೆ. ಹರಿವು ತೀರ ಜೋರಾದರೆ ಆ ಕಾಲುಗಳು ಬಾಗಿಹೋಗುತ್ತವೆ. ಆಗ ಅವನ್ನು ಒಳಗೆಳೆದುಕೊಂಡು ಮೇಲಿನ ಮುಚ್ಚಳದ ತಟ್ಟೆಗಳನ್ನು ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ. ಕರಾವಳಿಯ ಬಂಡೆಯ ಮೇಲೆ ಇಳಿತದ ಹೊತ್ತಿನಲ್ಲಿ ಬಿಸಿಲಿಗೆ ಒಡ್ಡಿಕೊಂಡು ಗಂಟೆಗಟ್ಟಲೆ ಕೂರುವ ಪ್ರಾಣಿ ಇದು. ಮುಚ್ಚಿಕೊಂಡು ಕಾಯುವುದು ಅದಕ್ಕೆ ಹೊಸದಲ್ಲ. ಮಸ್ಸೆಲ್‌ಗಳೂ ಹಾಗೆಯೇ. ಚಿಪ್ಪು ಮುಚ್ಚಿ, ದೇಹದ ಚಟುವಟಿಕೆ ತಗ್ಗಿಸಿ, ಆಮ್ಲಜನಕ ಮುಗಿದ ಮೇಲೂ ಕೂಡಿಟ್ಟ ಗ್ಲೈಕೋಜನನ್ನು ಒಡೆದುಕೊಂಡು ಜೀವ ಹಿಡಿಯುತ್ತವೆ.

ಇನ್ನು ಅವಧಿ ನೋಡಿ. 20 ನಾಟ್‌ನ ಹಡಗು ದಿನಕ್ಕೆ 480 ನಾಟಿಕಲ್ ಮೈಲಿ ಸಾಗುತ್ತದೆ. ಹತ್ತು ದಿನಕ್ಕೆ ಸುಮಾರು 8,900 ಕಿ.ಮೀ. ಬೆಳೆದ ಬಾರ್ನಕಲ್‌ಗೆ ಅಷ್ಟು ದಿನದ ಉಪವಾಸ ಮಾರಕವಲ್ಲ.

ಉಪ್ಪಿನಂಶದ ಬದಲಾವಣೆಗೂ ಇದೇ ಉಪಾಯ. ಪನಾಮಾ ಕಾಲುವೆಯ ಗಾಟುನ್ ಸರೋವರ ಸಿಹಿನೀರಿನದು. ಹಡಗು ಕಾಲುವೆಯನ್ನು ದಾಟಲು ಎಂಟು-ಹತ್ತು ಗಂಟೆ ಸಾಕು. ಅಷ್ಟು ಹೊತ್ತು ಬಾಗಿಲು ಮುಚ್ಚಿ ಕೂತ ಬಾರ್ನಕಲ್ ಆಚೆ ಸಾಗರದಲ್ಲಿ ಮತ್ತೆ ತೆರೆದುಕೊಳ್ಳುತ್ತದೆ. ಸಿಹಿನೀರು ಕೊಲ್ಲುವುದು ನಿಜ, ಆದರೆ ದಿನಗಟ್ಟಲೆ ನಿಲ್ಲಿಸಬೇಕು. ಮುಚ್ಚಳವಿಲ್ಲದ ಹೈಡ್ರಾಯ್ಡ್ (ಪುಟ್ಟ ಗಿಡದಂತೆ ಕಾಣುವ ಪ್ರಾಣಿ), ಸ್ಪಂಜು, ಕಡಲಹೂಗಳು ಮೊದಲು ಸಾಯುತ್ತವೆ, ಚಿಪ್ಪಿನವು ಕೊನೆಗೆ.

ಉಷ್ಣತೆಯ ವಿಷಯದಲ್ಲಿ ಎಲ್ಲವೂ ಪಾರಾಗುತ್ತವೆ ಅನ್ನುವಂತಿಲ್ಲ. ಚಳಿ ಬಂದರಿನಿಂದ ಉಷ್ಣವಲಯ ದಾಟುವ ಹಡಗಿನಲ್ಲಿ ಬಹಳಷ್ಟು ಸಾಯುತ್ತವೆ. ಆದರೆ ಬಂದರುಗಳಲ್ಲಿ ಹಡಗನ್ನು ಹತ್ತುವವೇ ಸಹಿಷ್ಣು ಜಾತಿಗಳು. ಮಳೆಗೆ ಉಪ್ಪು ಇಳಿಯುವ, ಎಣ್ಣೆ-ಲೋಹ ಬೆರೆತ, ಬಿಸಿಲಿಗೆ ಕಾಯುವ ಬಂದರಿನ ನೀರಿನಲ್ಲಿ ಬೆಳೆದವು ಅವು. ಆಂಫಿಬ್ಯಾಲನಸ್ ಆಂಫಿಟ್ರೈಟ್ ಎಂಬ ಪಟ್ಟೆ ಬಾರ್ನಕಲ್ ಜಗತ್ತಿನ ಬೆಚ್ಚಗಿನ ಬಂದರುಗಳಲ್ಲೆಲ್ಲ ಕಾಣಸಿಗುವುದಕ್ಕೆ ಇದೇ ಕಾರಣ.

ಪ್ರಶ್ನೆ: ತೆಳುವಾದ ಲೋಳೆ ಕಟ್ಟಿದರೆ ಅಂಥ ನಷ್ಟವೇನು? ಬಾರ್ನಕಲ್ ಬಂದರೆ ಮಾತ್ರ ಚಿಂತಿಸಿದರೆ ಸಾಲದೇ?

ಸಾಲದು. ಅಮೆರಿಕದ ಆಲಿವರ್ ಹಜಾರ್ಡ್ ಪೆರಿ ವರ್ಗದ ಯುದ್ಧನೌಕೆಗೆ 15 ನಾಟ್ ವೇಗದಲ್ಲಿ ಬೇಕಾಗುವ ಶಕ್ತಿಯನ್ನು 2007ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕಹಾಕಿತು. ನುಣುಪಾದ ತಳಕ್ಕೆ ಹೋಲಿಸಿದರೆ ದಪ್ಪ ಲೋಳೆಗೆ 21 ಶೇಕಡಾ, ಸಣ್ಣ ಚಿಪ್ಪುಜೀವಿಗಳು ಅಥವಾ ಕಡಲಕಳೆಗೆ 35 ಶೇಕಡಾ, ದಟ್ಟ ಚಿಪ್ಪುಜೀವಿಗಳಿಗೆ 86 ಶೇಕಡಾ ಹೆಚ್ಚು ಶಕ್ತಿ ಬೇಕು. ಲೋಳೆಯನ್ನು ಕಡೆಗಣಿಸಬಾರದು ಎನ್ನುವುದಕ್ಕೆ ಮೊದಲ ಅಂಕಿಯೇ ಸಾಕು.

ಪ್ರಶ್ನೆ: ಡೈವರ್ ಕಳಿಸಿದ ಫೋಟೋಗಳಲ್ಲಿ ಹಡಗಿನ ಪಕ್ಕಗಳು ಸ್ವಚ್ಛವಾಗಿದ್ದವು. ಆದರೂ ತಪಾಸಣೆಯಲ್ಲಿ ಜೀವಿಗಳು ಸಿಕ್ಕವು ಎನ್ನುತ್ತಾರೆ. ಎಲ್ಲಿ ನೋಡಬೇಕು? (ಮೆರೀನ್ ಎಂಜಿನಿಯರಿಂಗ್ ವಿದ್ಯಾರ್ಥಿ)

ಚಪ್ಪಟೆ ಪಕ್ಕಗಳನ್ನು ಕೊನೆಗೆ ನೋಡಿ. ಮೊದಲು ನೋಡಬೇಕಾದ್ದು ಸೀ ಚೆಸ್ಟ್. ಎಂಜಿನ್ ತಂಪಿಗೆ, ಬೆಂಕಿ ಆರಿಸುವ ಪಂಪಿಗೆ, ಬ್ಯಾಲಸ್ಟಿಗೆ (ಹಡಗಿನ ಸಮತೋಲನಕ್ಕೆಂದು ತೊಟ್ಟಿಗಳಲ್ಲಿ ತುಂಬಿಕೊಳ್ಳುವ ನೀರು) ಸಮುದ್ರದ ನೀರು ಎಳೆದುಕೊಳ್ಳುವ, ಹೊರಗೆ ಜಾಲರಿ ಇರುವ ಪೆಟ್ಟಿಗೆ ಅದು. ಒಳಗೆ ಹರಿವು ಮಂದ, ಆದರೆ ನೀರು ಸದಾ ಹೊಸದು, ಆಹಾರವೂ ಬರುತ್ತಿರುತ್ತದೆ. ಮೇಲಿನ ಉತ್ತರದಲ್ಲಿ ಹೇಳಿದ ಉಪವಾಸ ಇಲ್ಲಿಯವಕ್ಕೆ ಇಲ್ಲ. ಅಂಟಿಕೊಳ್ಳುವ ಜೀವಿಗಳಷ್ಟೇ ಅಲ್ಲ, ಓಡಾಡುವ ಏಡಿ, ನಕ್ಷತ್ರಮೀನು, ಚಿಕ್ಕ ಮೀನುಗಳೂ ಅಲ್ಲಿ ಸಾಗರ ದಾಟುತ್ತವೆ.

ಆಮೇಲೆ ಹಡಗಿನ ಮೂತಿಯನ್ನು ಪಕ್ಕಕ್ಕೆ ತಳ್ಳುವ ಬೋ ಥ್ರಸ್ಟರ್‌ನ ಸುರಂಗ ಮತ್ತು ಅದರ ಜಾಲರಿ, ಚುಕ್ಕಾಣಿಯ ಕೀಲು ಮತ್ತು ಮೇಲ್ಭಾಗ, ಪ್ರೊಪೆಲ್ಲರ್ ಬುಡ, ಶಾಫ್ಟ್ ಹೊರಬರುವ ಕಡೆಯ ರಕ್ಷಾಕವಚ, ಓಲಾಟ ತಗ್ಗಿಸಲು ತಳದ ಪಕ್ಕದಲ್ಲಿರುವ ಬಿಲ್ಜ್ ಕೀಲ್ ಎಂಬ ಪಟ್ಟಿಯ ಮೂಲೆ, ಹಡಗಿನ ಉಕ್ಕಿನ ಬದಲು ತಾವೇ ಸವೆಯುವ ಸತುವಿನ ಆನೋಡ್‌ಗಳ ಹಿಂಬದಿ. ಆನೋಡಿಗೆ ಬಣ್ಣ ಹಚ್ಚುವಂತಿಲ್ಲ, ಆದ್ದರಿಂದ ಅದನ್ನು ಹಿಡಿದಿಡುವ ಪಟ್ಟಿಗಳ ಸುತ್ತ ಬೆಳವಣಿಗೆ ಸೇರುತ್ತದೆ.

ಬಹಳ ಜನ ಮರೆಯುವ ಜಾಗ ಇನ್ನೊಂದಿದೆ. ಡ್ರೈ ಡಾಕ್‌ನಲ್ಲಿ, ಅಂದರೆ ನೀರು ಖಾಲಿ ಮಾಡಿ ಹಡಗನ್ನು ದುರಸ್ತಿ ಮಾಡುವ ಕಟ್ಟೆಯಲ್ಲಿ, ಹಡಗು ಮರದ ದಿಮ್ಮಿಗಳ ಮೇಲೆ ಕೂತಿರುತ್ತದೆ. ಆ ದಿಮ್ಮಿಗಳ ಅಡಿ ಸಿಕ್ಕ ಚೌಕಗಳಿಗೆ ಹೊಸ ಬಣ್ಣ ತಗಲುವುದೇ ಇಲ್ಲ. ಮುಂದಿನ ಡಾಕಿಂಗ್‌ವರೆಗೂ ಅವು ಹಳೆಯ, ಸತ್ವ ಕಳೆದ ಬಣ್ಣದ ತೇಪೆಗಳಾಗಿ ಉಳಿಯುತ್ತವೆ. ಪ್ರತಿ ಡಾಕಿಂಗ್‌ನಲ್ಲಿ ದಿಮ್ಮಿಗಳ ಜಾಗ ಬದಲಿಸಬೇಕು, ಹಿಂದಿನ ನಕ್ಷೆಯನ್ನು ಕಡತದಲ್ಲಿ ಇಟ್ಟುಕೊಂಡಿರಬೇಕು. ಖರ್ಚಿಲ್ಲದ ಕೆಲಸ, ಆದರೂ ತಪ್ಪಿಹೋಗುತ್ತದೆ.

ಕಂಡದ್ದನ್ನು ದಾಖಲಿಸುವಾಗ ಅಂತರರಾಷ್ಟ್ರೀಯ ಕಡಲ ಸಂಸ್ಥೆ ಐಎಂಒ 2023ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯ ಶ್ರೇಣಿ ಬಳಸಿ. ಏನೂ ಇಲ್ಲದಿದ್ದರೆ 0, ಬರೀ ಲೋಳೆಗೆ 1, ಕಣ್ಣಿಗೆ ಕಾಣುವ ಜೀವಿಗಳು 1ರಿಂದ 5 ಶೇಕಡಾ ಜಾಗ ಹಿಡಿದಿದ್ದರೆ 2, 6ರಿಂದ 15 ಆದರೆ 3, ಅದಕ್ಕೂ ಹೆಚ್ಚಾದರೆ 4. ಇಡೀ ಹಡಗಿಗೆ ಒಂದೇ ಅಂಕ ಕೊಡಬೇಡಿ. ಪ್ರತಿ ಜಾಗಕ್ಕೂ ಬೇರೆ ಬೇರೆ ಬರೆಯಿರಿ.

ಪ್ರಶ್ನೆ: ತಾಮ್ರವಿರುವ ಬಣ್ಣ ಹಚ್ಚಿದರೂ ಬೆಳವಣಿಗೆ ಬರುತ್ತದಲ್ಲ, ಯಾಕೆ?

ತಾಮ್ರ ಅಲ್ಲಿದ್ದರೆ ಸಾಲದು, ಕರಗಿ ಹೊರಬರುತ್ತಿರಬೇಕು. ಇದು ಹಳೆಯ ಪಾಠ. ಬ್ರಿಟಿಷ್ ನೌಕಾಪಡೆ 1761ರಲ್ಲಿ ಅಲಾರ್ಮ್ ಎಂಬ ಹಡಗಿನ ಮರದ ತಳಕ್ಕೆ ತಾಮ್ರದ ತಗಡು ಹೊದಿಸಿತು. ಮರ ಕೊರೆಯುವ ಹಡಗುಹುಳು, ಬಾರ್ನಕಲ್ ಎರಡೂ ದೂರವಾದವು. ಆದರೆ ತಾಮ್ರ ತಾಗಿದ ಕಡೆ ಕಬ್ಬಿಣದ ಮೊಳೆಗಳು ಸವೆದುಹೋದವು. ಮುಂದೆ 1824ರಲ್ಲಿ ಹಂಫ್ರಿ ಡೇವಿ ತಾಮ್ರವೇ ಸವೆಯದಂತೆ ಅದಕ್ಕೆ ಸತುವು, ಕಬ್ಬಿಣದ ತುಂಡುಗಳನ್ನು ಜೋಡಿಸಿದರು. ತಾಮ್ರ ಚೆನ್ನಾಗಿ ಉಳಿಯಿತು, ಆದರೆ ಅದರ ಮೇಲೆ ಬಾರ್ನಕಲ್ ಬೆಳೆಯಿತು! ಸವೆಯದ ತಾಮ್ರದಿಂದ ವಿಷ ಬಿಡುಗಡೆಯಾಗುವುದಿಲ್ಲ.

ಇಂದಿನ ಸವೆಯುವ ಬಣ್ಣಗಳೂ ಇದೇ ತತ್ವದವು. ನೀರಿನ ಉಜ್ಜಿಗೆ ಮೇಲ್ಪದರ ಸ್ವಲ್ಪ ಸ್ವಲ್ಪವೇ ಕರಗಿ ಕ್ಯುಪ್ರಸ್ ಆಕ್ಸೈಡ್ ಎಂಬ ತಾಮ್ರದ ಸಂಯುಕ್ತ ಹೊರಬರುತ್ತದೆ. ತಿಂಗಳಿಗೆ 5 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಸವೆಯುವ ಬಣ್ಣವಾದರೆ 60 ತಿಂಗಳ ಡಾಕಿಂಗ್ ಅವಧಿಗೆ ಒಣಗಿದ ಪದರ 300 ಮೈಕ್ರಾನ್ ಬೇಕು. ಅಂಚು, ಬೆಸುಗೆ ಸಾಲು, ಮೂತಿಯ ಭಾಗ ಬೇಗ ಸವೆಯುವುದರಿಂದ ಅಲ್ಲಿ ಇನ್ನೂ ಹೆಚ್ಚು. ಲೆಕ್ಕ ತಪ್ಪುವುದು ಹಡಗು ನಿಂತಾಗ. ಹಡಗು ವಾರಗಟ್ಟಲೆ ಲಂಗರು ಹಾಕಿ ಕೂತರೆ ಉಜ್ಜುವ ಹರಿವಿಲ್ಲ. ಮೇಲಿನ ತಾಮ್ರ ಸೋರಿಹೋಗಿ ಖಾಲಿ ಪದರ ಉಳಿಯುತ್ತದೆ, ಅದರಡಿಯಿಂದ ತಾಮ್ರ ಬರುವುದು ನಿಧಾನವಾಗುತ್ತದೆ. ಸಿಪ್ರಿಡ್‌ಗೆ ಬೇಕಾದ ನಿಂತ ನೀರೂ ಆಗಲೇ ಸಿಗುತ್ತದೆ. ಸೀ ಚೆಸ್ಟ್ ಒಳಗೆ ಬಣ್ಣ ಕೈಕೊಡುವುದೂ ಇದರಿಂದಲೇ. ವೇಗದ ಹಡಗಿಗೆಂದು ಮಾಡಿದ, ನಿಧಾನ ಸವೆಯುವ ಬಣ್ಣವನ್ನೇ ಅಲ್ಲಿಗೂ ಹಚ್ಚಿರುತ್ತಾರೆ. ಮಂದ ಹರಿವಿನ ಜಾಗಕ್ಕೆ ಬೇಗ ಸವೆಯುವ ಬಣ್ಣ ಬೇಕು.

ತಾಮ್ರಕ್ಕೆ ಬಗ್ಗದ ಜೀವಿಗಳೂ ಇವೆ. ವಾಟರ್ಸಿಪೊರಾ ಎಂಬ ಹವಳದಂಥ ಹಾಳೆ ಕಟ್ಟುವ ಪ್ರಾಣಿ ತಾಮ್ರದ ಬಣ್ಣದ ಮೇಲೆ ಮೊದಲು ಕೂರುತ್ತದೆ. ತಾಮ್ರ ತಾಳದ ಜಾತಿಗಳು ಅದರ ಬೆನ್ನ ಮೇಲೆ ಮನೆ ಮಾಡುತ್ತವೆ.

ಸಿಲಿಕೋನ್ ಬಣ್ಣಗಳ ದಾರಿ ಬೇರೆ. ಅವು ಕೊಲ್ಲುವುದಿಲ್ಲ, ಅಂಟಿನ ಬಲವನ್ನು ಹತ್ತನೇ ಒಂದಕ್ಕೋ ಅದಕ್ಕಿಂತ ಕೆಳಗೋ ಇಳಿಸುತ್ತವೆ. ಮೆತ್ತನೆಯ ಮೇಲ್ಮೈಯಾದ್ದರಿಂದ ಬಾರ್ನಕಲ್‌ನ ತಳ ಒಂದು ಅಂಚಿನಿಂದ ಸುಲಿಯುತ್ತ ಬರುತ್ತದೆ, ಒಮ್ಮೆಗೇ ಕೀಳುವಷ್ಟು ಬಲ ಬೇಕಾಗುವುದಿಲ್ಲ. ಆದರೆ ಸುಲಿಯಲು ಹರಿವು ಬೇಕು. ನಿಧಾನ ಹೋಗುವ, ಹೆಚ್ಚು ನಿಲ್ಲುವ ಹಡಗಿಗೆ ಇದನ್ನು ಹಚ್ಚಿ ಪ್ರಯೋಜನ ಕಡಿಮೆ. ಒಮ್ಮೆ ಎಲ್ಲರೂ ನೆಚ್ಚಿಕೊಂಡಿದ್ದ ಟಿಬಿಟಿ ಎಂಬ ತವರ ಸಂಯುಕ್ತದ ಬಣ್ಣ ಸಿಂಪಿಗಳ ಚಿಪ್ಪನ್ನು ವಿಕಾರಗೊಳಿಸಿತು, ಹೆಣ್ಣು ಶಂಖದಹುಳುಗಳಲ್ಲಿ ಗಂಡಿನ ಅಂಗ ಬೆಳೆಯುವಂತೆ ಮಾಡಿತು. 2001ರ ಅಂತರರಾಷ್ಟ್ರೀಯ ಒಪ್ಪಂದ 2008ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದು ಅದನ್ನು ನಿಷೇಧಿಸಿತು. ಆ ನಿಷೇಧ ಸರಿಯಾದದ್ದೇ.

ಪ್ರಶ್ನೆ: ದೋಣಿಯ ತಳವನ್ನು ನಾನೇ ಕೆರೆದು ಸ್ವಚ್ಛ ಮಾಡುತ್ತೇನೆ. ಕೆಲವೇ ವಾರಗಳಲ್ಲಿ ಅದೇ ಜಾಗದಲ್ಲಿ ಮೊದಲಿಗಿಂತ ದಟ್ಟವಾಗಿ ಬರುತ್ತದೆ. ತಪ್ಪು ಎಲ್ಲಿ?

ಕೆರೆದಾಗ ಮೇಲಿನ ಗೋಡೆ ಮುರಿದು ಬೀಳುತ್ತದೆ, ತಳದ ಬಿಳಿ ಬಿಲ್ಲೆ ಅಂಟಿಕೊಂಡೇ ಉಳಿಯುತ್ತದೆ. ಉಗುರು ಆಡಿಸಿದರೆ ಒರಟು ಉಂಗುರ ತಗಲುತ್ತದೆ. ತಪ್ಪು ಇರುವುದು ಆ ಬಿಲ್ಲೆಯಲ್ಲಿ. ಅದರಲ್ಲಿ ತಾಮ್ರವಿಲ್ಲ, ಮೇಲ್ಮೈ ಒರಟು, ಜೊತೆಗೆ ತಮ್ಮ ಜಾತಿಯವರು ಇಲ್ಲಿ ಬದುಕಿದ್ದರು ಎಂದು ಹೊಸ ಸಿಪ್ರಿಡ್‌ಗಳಿಗೆ ತಿಳಿಸುವ ಪ್ರೋಟೀನ್‌ಗಳು ಅದರಲ್ಲಿವೆ. ಅವು ಹುಡುಕಿಕೊಂಡು ಬಂದು ಅಲ್ಲೇ ಕೂರುತ್ತವೆ. ಹಿಂದೆ ನಡೆದುಹೋದ ಸಿಪ್ರಿಡ್‌ಗಳ ಹೆಜ್ಜೆಗುರುತಿನ ಅಂಟು ಕೂಡ ಅವಕ್ಕೆ ಕರೆಯೇ.

ದೋಣಿಯನ್ನು ಮೇಲೆತ್ತಿ ಮಾಡುವುದಾದರೆ ಕ್ರಮ ಹೀಗಿರಲಿ. ನೀರಿನಿಂದ ಎತ್ತಿದ ತಕ್ಷಣ, ತಳ ಹಸಿಯಾಗಿರುವಾಗಲೇ ಜೋರು ನೀರಿನಿಂದ ತೊಳೆಯಿರಿ. ಒಣಗಲು ಬಿಟ್ಟರೆ ಪಾಚಿ, ಲೋಳೆ ಎಲ್ಲ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಆಮೇಲೆ ಅಗಲ ಅಲಗಿನ ಕೆರೆಯುವ ಪಟ್ಟಿಯನ್ನು ಮೇಲ್ಮೈಗೆ ಆದಷ್ಟು ಸಮಾನಾಂತರವಾಗಿ ಹಿಡಿದು, ಬಾರ್ನಕಲ್‌ನ ನೆತ್ತಿಗೆ ಹೊಡೆಯದೆ ಬುಡಕ್ಕೆ ತೂರಿಸಿ. ಉಳಿದ ಬಿಲ್ಲೆಗಳನ್ನು ನೀರು ಹಾಕಿಕೊಂಡು ಮರಳುಕಾಗದದಿಂದ ಉಜ್ಜಿ ತೆಗೆಯಿರಿ. ಒಣಗಿಸಿ ಉಜ್ಜಿದರೆ ತಾಮ್ರದ ಪುಡಿ ಉಸಿರಿಗೆ ಸೇರುತ್ತದೆ. ಬಿಲ್ಲೆಯ ಮೇಲೆಯೇ ಬಣ್ಣ ಬಳಿದರೆ ಆ ಜಾಗದಲ್ಲೇ ಬಣ್ಣ ಎದ್ದು ಬರುತ್ತದೆ.

ನೀರಿನಲ್ಲೇ ಸ್ವಚ್ಛ ಮಾಡುವುದಾದರೆ ಬಂದರಿನ ಅನುಮತಿ ಇದೆಯೇ ನೋಡಿ. ಹಲವು ಕಡೆ ನಿಷೇಧವಿದೆ. ಲೋಳೆಯ ಹಂತದಲ್ಲೇ ಮೆತ್ತನೆಯ ಬಟ್ಟೆ ಅಥವಾ ಸ್ಪಂಜಿನಿಂದ ಒರೆಸಿ. ಗಟ್ಟಿ ಬ್ರಷ್ ಸವೆಯುವ ಬಣ್ಣದ ತಿಂಗಳುಗಳ ಆಯಸ್ಸನ್ನು ಒಂದೇ ಸಲಕ್ಕೆ ತಿನ್ನುತ್ತದೆ, ಸಿಲಿಕೋನಿಗೆ ಗೀರು ಬೀಳಿಸುತ್ತದೆ. ಆ ಗೀರೊಳಗೆ ಬಾರ್ನಕಲ್ ಭದ್ರವಾಗಿ ಕೂರುತ್ತದೆ. ಚಿಪ್ಪುಜೀವಿಗಳು ಬೆಳೆದ ಮೇಲೆ ನೀರಿನಲ್ಲಿ ಕೆರೆದು ಕೆಳಗೆ ಬೀಳಿಸುವುದನ್ನು ಖಂಡಿತ ಮಾಡಬೇಡಿ. ಸ್ಪಂಜು, ಹೈಡ್ರಾಯ್ಡ್, ಗುಂಪಿನಲ್ಲಿ ಬೆಳೆಯುವ ಕಡಲಚೀಲಗಳು ತುಂಡಾದರೆ ತುಂಡಿನಿಂದಲೇ ಮತ್ತೆ ಬೆಳೆಯುತ್ತವೆ. ಬಿದ್ದದ್ದನ್ನು ಹೀರಿ ಸೋಸುವ ಸಲಕರಣೆ ಇದ್ದರೆ ಮಾತ್ರ ಆ ಕೆಲಸ.

ಪ್ರಶ್ನೆ: ದಣಿದು ಬಂದ ನಾಲ್ಕು ಪ್ರಾಣಿಗಳು ಹೊಸ ಬಂದರಿನಲ್ಲಿ ನಿಜವಾಗಿ ನೆಲೆಯೂರುತ್ತವೆಯೇ? ಬ್ಯಾಲಸ್ಟ್ ನೀರೇ ದೊಡ್ಡ ಅಪಾಯ ಅಲ್ಲವೇ?

ಬ್ಯಾಲಸ್ಟ್ ನೀರಿನಲ್ಲಿ ಬರುವುದು ಹೆಚ್ಚಾಗಿ ಮರಿಗಳು. ತಳದಲ್ಲಿ ಬರುವವು ಬೆಳೆದ, ಸಂತಾನಕ್ಕೆ ಸಿದ್ಧವಾದ ಪ್ರಾಣಿಗಳು, ಅದೂ ಒತ್ತೊತ್ತಾಗಿ. ಬಾರ್ನಕಲ್ ಒಂದೇ ದೇಹದಲ್ಲಿ ಗಂಡೂ ಹೆಣ್ಣೂ ಆಗಿರುತ್ತದೆ. ಚಿಪ್ಪಿನೊಳಗೇ ಮೊಟ್ಟೆ ಕಾವು ಕೊಟ್ಟು, ಆಹಾರ ಸಿಗುವ ನೀರು ಬಂದಾಗ ಮರಿಗಳನ್ನು ಬಿಡುತ್ತದೆ. ಮಸ್ಸೆಲ್‌ಗಳಿಗಂತೂ ಉಷ್ಣತೆಯ ದಿಢೀರ್ ಬದಲಾವಣೆಯೇ ಮೊಟ್ಟೆ-ವೀರ್ಯ ಬಿಡಲು ಸೂಚನೆ.

ಇದನ್ನು ಕಣ್ಣಾರೆ ಕಂಡ ಪ್ರಸಂಗ 1998ರದು. ಅಮೆರಿಕದ ನಿವೃತ್ತ ಯುದ್ಧನೌಕೆ ಮಿಸೌರಿಯನ್ನು ವಾಷಿಂಗ್ಟನ್ ರಾಜ್ಯದ ಬ್ರೆಮರ್ಟನ್‌ನಿಂದ ಹವಾಯಿಯ ಪರ್ಲ್ ಹಾರ್ಬರ್‌ಗೆ ಎಳೆದೊಯ್ದರು. ತಳದ ಜೀವಿಗಳು ಸಾಯಲೆಂದು ದಾರಿಯಲ್ಲಿ ಕೊಲಂಬಿಯಾ ನದಿಯ ಸಿಹಿನೀರಿನಲ್ಲಿ ಸುಮಾರು ಒಂದು ವಾರ ನಿಲ್ಲಿಸಿದ್ದರು. ಆದರೂ ಮೆಡಿಟರೇನಿಯನ್ ಮಸ್ಸೆಲ್‌ಗಳು ಬದುಕಿ ಉಳಿದಿದ್ದವು. ಜೂನ್ 22ರಂದು ಹಡಗು ಸೇರಿದ ಕೆಲವೇ ಗಂಟೆಗಳಲ್ಲಿ ಬೆಚ್ಚಗಿನ ನೀರಿಗೆ ಮೊಟ್ಟೆ-ವೀರ್ಯ ಬಿಟ್ಟವು. ಮುಂದೆ ಅದೇ ಬಂದರಿನಲ್ಲಿದ್ದ ಜಲಾಂತರ್ಗಾಮಿಯೊಂದರ ಬ್ಯಾಲಸ್ಟ್ ತೊಟ್ಟಿಯಲ್ಲಿ ಮರಿ ಮಸ್ಸೆಲ್‌ಗಳು ಸಿಕ್ಕವು.

ನಿಧಾನವಾಗಿ ಎಳೆದೊಯ್ಯುವ ದೊಡ್ಡ ರಚನೆಗಳು ಇನ್ನೂ ಅಪಾಯಕಾರಿ. 2006ರಲ್ಲಿ ಬ್ರೆಜಿಲ್‌ನಿಂದ ಸಿಂಗಪುರಕ್ಕೆ ಹೊರಟಿದ್ದ ತೈಲ ವೇದಿಕೆಯೊಂದು ಹಗ್ಗ ಕಳಚಿ ಟ್ರಿಸ್ಟಾನ್ ಡ ಕುನ್ಯಾ ದ್ವೀಪಕ್ಕೆ ಬಡಿಯಿತು. ಅದರ ಮೇಲೆ ಆ ದ್ವೀಪಕ್ಕೆ ಸೇರದ 62 ಬಗೆಯ ಜೀವಿಗಳನ್ನು ಗುರುತಿಸಿದರು. ಅದರ ಜೊತೆಗೇ ಈಜಿಕೊಂಡು ಬಂದ ಮೀನುಗಳೂ ಇದ್ದವು. ಆಸ್ಟ್ರೇಲಿಯಾದ ಡಾರ್ವಿನ್‌ನಲ್ಲಿ 1999ರಲ್ಲಿ ಕಪ್ಪುಪಟ್ಟೆ ಮಸ್ಸೆಲ್ ಕಾಣಿಸಿಕೊಂಡಾಗ ದೋಣಿತಂಗುದಾಣಗಳನ್ನೇ ಮುಚ್ಚಿ ಕ್ಲೋರಿನ್ ಬ್ಲೀಚ್, ಮೈಲುತುತ್ತ ಸುರಿದು ಪೂರ್ತಿ ಕೊಂದರು. ಅಷ್ಟು ಬೇಗ ಕಣ್ಣಿಗೆ ಬಿದ್ದದ್ದರಿಂದ, ನೀರಿಗೆ ಬಾಗಿಲು ಹಾಕುವ ವ್ಯವಸ್ಥೆ ಇದ್ದದ್ದರಿಂದ ಅದು ಸಾಧ್ಯವಾಯಿತು. ತೆರೆದ ಕಡಲಿನಲ್ಲಿ ಆಗುವ ಕೆಲಸವಲ್ಲ.

ಪ್ರಶ್ನೆ: ನ್ಯೂಜಿಲೆಂಡ್‌ಗೆ ಹೋಗುವ ಹಡಗುಗಳ ತಳದಲ್ಲಿ ಬಾರ್ನಕಲ್ ಇರಬಾರದು, ಆದರೆ ಗೂಸ್ ಬಾರ್ನಕಲ್ ಇದ್ದರೆ ತೊಂದರೆಯಿಲ್ಲ ಎಂದು ಕೇಳಿದೆ. ಈ ರಿಯಾಯಿತಿ ಏಕೆ?

2018ರ ಮೇ ತಿಂಗಳಿಂದ ಜಾರಿಯಲ್ಲಿರುವ ಅಲ್ಲಿನ ನಿಯಮದಂತೆ 21 ದಿನ ಅಥವಾ ಹೆಚ್ಚು ಉಳಿಯುವ ಹಡಗಿನ ತಳದಲ್ಲಿ ಲೋಳೆ ಮತ್ತು ಗೂಸ್ ಬಾರ್ನಕಲ್‌ಗೆ ಮಾತ್ರ ಅವಕಾಶ. ಗೂಸ್ ಬಾರ್ನಕಲ್ ತೆರೆದ ಸಾಗರದ ಜೀವಿ. ತೇಲುವ ಮರದ ದಿಮ್ಮಿ, ಬಾಟಲಿಗಳ ಮೇಲೆ ಎಲ್ಲ ಸಾಗರಗಳಲ್ಲೂ ಹರಡಿದೆ. ಬಂದರಿನಲ್ಲಿ ನೆಲೆಯೂರಿ ಸ್ಥಳೀಯ ಜೀವಿಗಳನ್ನು ಹೊರದಬ್ಬುವುದಿಲ್ಲ. ಗುರುತಿಸುವುದು ಸುಲಭ. ಬಿಳಿಯ ಚಪ್ಪಟೆ ಚಿಪ್ಪು ಮೆದುವಾದ, ಬಾಗುವ ಕಾಂಡದ ತುದಿಯಲ್ಲಿ ತೂಗುತ್ತಿರುತ್ತದೆ. ಕಾಂಡವಿಲ್ಲದೆ ಶಂಕುವಿನಂತೆ ನೇರ ತಳಕ್ಕೇ ಕೂತಿದ್ದರೆ ಅದಕ್ಕೆ ಈ ರಿಯಾಯಿತಿ ಇಲ್ಲ. ಗೂಸ್ ಬಾರ್ನಕಲ್ ಗುಂಪನ್ನು ಕೈಯಿಂದ ಸರಿಸಿ ಬುಡವನ್ನೂ ನೋಡಿ. ಎರಡೂ ಜಾತಿ ಒಂದರ ಮರೆಯಲ್ಲಿ ಇನ್ನೊಂದು ಇರುವುದುಂಟು.